ತಟ್ಟೆಯೊಳಗೆ ಕೊಲ್ಲಬಾರದು

ಟಿಕ್ ಎಂದಿತು.

ರಾತ್ರಿ ಹನ್ನೊಂದು ದಾಟಿತ್ತು. ಗಂಗಾಲಕ್ಷ್ಮಿ ಕಣ್ಣು ಮುಚ್ಚಿಕೊಂಡೇ ಕಾದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ಸದ್ದು ಬಂದದ್ದು ಗೋಡೆಯಾಚೆಯ ಹುಳುಮನೆಯಿಂದ. ಅಲ್ಲಿ ನಾಲ್ಕನೇ ಜ್ವರ ಮುಗಿಸಿ ಪೊರೆ ಬಿಟ್ಟು ಎದ್ದ ರೇಷ್ಮೆಹುಳುಗಳು ತಟ್ಟೆ ತಟ್ಟೆಗಳಲ್ಲಿ ಸೊಪ್ಪು ಮೇಯುತ್ತಿದ್ದವು. ಆ ಮೇಯುವ ಸದ್ದಿನ ನಡುವೆ ಬೇರೆ ಸದ್ದು ಕಿವಿಗೆ ಬೀಳುವುದು ಕಷ್ಟ. ಆದರೂ ಇದು ಅವಳಿಗೆ ತಪ್ಪದೆ ಕೇಳುತ್ತಿತ್ತು. ಹತ್ತು ರಾತ್ರಿಗಳಿಂದ ಇದನ್ನು ಕೇಳಿಸಿಕೊಂಡ ಮೇಲೆಯೇ ಅವಳಿಗೆ ನಿದ್ದೆ. ಮಾತ್ರೆ ಪಟ್ಟಿಯ ತೆಳು ತಗಡು ಒಡೆಯುವ ಸದ್ದು ಅದು. ಬೆಳಿಗ್ಗೆ ಎರಡು ಮಾತ್ರೆ, ರಾತ್ರಿ ಎರಡು. ಹುಳುಮನೆಯಲ್ಲೇ ಮಲಗುವ ಅತ್ತೆ ಶಾಮಲಮ್ಮ ರಾತ್ರಿಯ ಎರಡನ್ನು ನುಂಗಿದಳೆಂದರೆ ಗಂಗಾಲಕ್ಷ್ಮಿಯ ಆ ದಿನ ಮುಗಿದಂತೆ.

ಆ ಶನಿವಾರ ಮಾತ್ರ ಎರಡನೇ ಟಿಕ್ ಆದಮೇಲೆ ಚೊಂಬನ್ನು ನೆಲಕ್ಕೆ ಇಟ್ಟ ಸದ್ದು ಬರಲಿಲ್ಲ. ನೀರಿಲ್ಲದೆ ಅಷ್ಟು ದಪ್ಪ ಮಾತ್ರೆ ಇಳಿಯುವುದು ಹೇಗೆ? ಹಿಂದಿನ ರಾತ್ರಿಗಳಲ್ಲಿ ಚೊಂಬಿನ ಸದ್ದು ಕೇಳಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಕೇಳಿತ್ತು ಅನ್ನಿಸಿತು. ಕೇಳಿರಲಿಲ್ಲ ಅಂತಲೂ ಅನ್ನಿಸಿತು. ಮಗಳು ಚಂದನಳ ಕೈಯನ್ನು ತನ್ನ ಎದೆಯ ಮೇಲಿಂದ ಮೆಲ್ಲಗೆ ಸರಿಸಿ ಎದ್ದು ಕೂತಳು. ಹೋಗಿ ಕೇಳಬಹುದಿತ್ತು. ಹೋದರೆ ‘ನನ್ನ ಕಾವಲು ಕಾಯ್ತಿದೀಯೇನೇ’ ಎಂಬ ಮಾತು ಬರುವುದು ಖಂಡಿತ. ಮತ್ತೆ ಮಲಗಿದಳು. ನಿದ್ದೆ ಹತ್ತಲಿಲ್ಲ.

ಬೈರಕೂರಿನ ಆ ಮನೆಯಲ್ಲಿ ಹುಳ ಮೇಯದೆ ಮನುಷ್ಯರು ಉಣ್ಣುವ ಪದ್ಧತಿ ಇರಲಿಲ್ಲ. ಶಾಮಲಮ್ಮ ಗೌನಿಪಲ್ಲಿಯಿಂದ ಸೊಸೆಯಾಗಿ ಬಂದ ವಾರವೇ ಕಲಿತ ಪಾಠ ಅದು. ಕೊನೆಯ ಸೊಪ್ಪು ಹಾಕುವುದು ರಾತ್ರಿ ಹತ್ತಕ್ಕೆ, ಆಮೇಲೆ ಮುದ್ದೆ, ಮುದ್ದೆ ಉಂಡು ಅರ್ಧ ಗಂಟೆಯೊಳಗೆ ಮಾತ್ರೆ. ಈ ಕಾಯಿಲೆ ಇರುವಷ್ಟು ದಿನವಾದರೂ ಮೊದಲು ಉಣ್ಣಿ ಎಂದು ಗಂಗಾಲಕ್ಷ್ಮಿ ಹೇಳಿ ನೋಡಿದ್ದಳು.

“ನಂಗೆ ಬಾಯೈತೆ, ಹಸಿವಾದ್ರೆ ಕೇಳ್ತೀನಿ. ಅವುಕ್ಕೆ ಕೇಳೋ ಬಾಯಿಲ್ಲ ಕಣೇ” ಎಂದಿದ್ದಳು ಶಾಮಲಮ್ಮ.

ಕಾಯಿಲೆ ಎಡ ಎದೆಯಲ್ಲಿ ನಿಂಬೆಕಾಯಿ ಗಾತ್ರದ ಗಂಟಾಗಿ ಬಂದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಮೂರು ಸಲ ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರು. ಈಗ ಹದಿನಾಲ್ಕು ದಿನದ ಮಾತ್ರೆ. ಅದಾದ ಮೇಲೆ ಗಂಟು ಕುಗ್ಗಿದ್ದರೆ ಆಪರೇಷನ್. ಆಪರೇಷನ್ ಎಂದಾಗ ಶಾಮಲಮ್ಮ ಮುಖ ಆ ಕಡೆ ತಿರುಗಿಸಿ ಅತ್ತಿದ್ದಳು. ಕೂದಲು ಉದುರಿದ್ದಕ್ಕೆ ಅತ್ತಿರಲಿಲ್ಲ. ಸೊಪ್ಪು ಕೊಯ್ಯಲು ಬರುವ ಪಕ್ಕದ ಮನೆಯ ಮುನಿಯಲ್ಲಮ್ಮ ಒಮ್ಮೆ ಅವಳ ತಲೆಯ ಬಟ್ಟೆ ಜಾರಿದ್ದನ್ನು ನೋಡಿ, “ಅಕ್ಕೋ, ನಿನ್ ತಲೆ ಒಳ್ಳೆ ಬಿಳೀ ಗೂಡಿನಂಗೆ ನುಣ್ಣಗೈತಲ್ಲ” ಎಂದಾಗ, “ಕೋಲಾರದ ಗೂಡಿನ ಮಾರ್ಕೆಟ್ಟಿಗೆ ಎತ್ಕೊಂಡೋಗು, ಯಾರಾದ್ರೂ ಹರಾಜು ಕೂಗ್ತಾರಾ ನೋಡು” ಎಂದು ತಾನೇ ಮೊದಲು ನಕ್ಕಿದ್ದಳು.

ಮಾತ್ರೆ ಶುರುವಾದ ಬುಧವಾರ ಗಂಗಾಲಕ್ಷ್ಮಿ ಶಾಲೆಗೆ ರಜೆ ಹಾಕಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಮುಳಬಾಗಿಲಿನ ಪ್ರೌಢಶಾಲೆಯೊಂದರಲ್ಲಿ ಅವಳು ವಿಜ್ಞಾನದ ಟೀಚರು. ಶಾಮಲಮ್ಮ ರಕ್ತ ಪರೀಕ್ಷೆಗೆ ಸಾಲಿನಲ್ಲಿ ನಿಂತಿದ್ದಾಗ ಅವಳು ಡಾಕ್ಟರ್ ಆಶಾರಾಣಿಯವರನ್ನು ಒಂದು ಮಾತು ಕೇಳಿದಳು. ಮೂರನೇ ಡ್ರಿಪ್ಪಾದ ಮೇಲೆ ಗಂಟು ಇಳಿಯುವ ಬದಲು ಬಾತಿತ್ತು, ಮುಟ್ಟಿದರೆ ನೋಯುತ್ತಿತ್ತು. ಯಾಕೆ?

ಆಶಾರಾಣಿ ಮೂವತ್ತೈದು ದಾಟದ ಹೆಂಗಸು. ಔಷಧಿ ಚೀಟಿಯ ಹಿಂದೆ ಒಂದು ವೃತ್ತ ಬರೆದರು, ಅದರ ಸುತ್ತ ಇನ್ನಷ್ಟು ವೃತ್ತ, ನಡುವಿನಿಂದ ಹೊರಕ್ಕೆ ಬಾಣಗಳು.

“ಔಷಧಿ ತಗುಲಿದ ಕ್ಯಾನ್ಸರ್ ಕೋಶ ಸುಮ್ನೆ ಸಾಯಲ್ಲ. ಸಾಯ್ತಾ ಸಾಯ್ತಾ ಸುತ್ತಲಿಗೆ ಸಂದೇಶ ಕಳಿಸುತ್ತೆ. ಕೆಲವು ಸಂದೇಶ ಮೈ ಕಾಯೋ ಕೋಶಗಳನ್ನ ಕರೀತವೆ, ಇಲ್ಲೇನೋ ಆಗಿದೆ, ಬಂದು ನೋಡಿ ಅಂತ. ಅವು ಗುಂಪಾಗಿ ಬಂದ್ರೆ ಬಾವು, ನೋವು. ಅದು ನಮಗೆ ಒಳ್ಳೇದು. ಆದ್ರೆ ಕೆಲವು ಸಂದೇಶ ಪಕ್ಕದ ಕ್ಯಾನ್ಸರ್ ಕೋಶಕ್ಕೇ ಹೋಗ್ತವೆ. ಜಾಗ ಖಾಲಿಯಾಯ್ತು, ನೀನು ಬೆಳಿ ಅಂದಂಗೆ. ಗಾಯ ಆದ ಕಡೆ ಚರ್ಮ ಬೆಳ್ದು ತುಂಬ್ಕೊಳಲ್ವಾ, ಅದೇ ಭಾಷೆ.”

“ಯಾವುದು ಗೆಲ್ಲುತ್ತೆ ಮೇಡಂ?”

“ಅದನ್ನೇ ಇನ್ನೂ ಹುಡುಕ್ತಾ ಇದ್ದಾರೆ. ನಮ್ಮ ಕೈಯಲ್ಲಿರೋದು ಒಂದೇ, ಪಕ್ಕದ್ದು ಬೆಳೆಯೋಕೆ ಬಿಡುವು ಕೊಡದೆ ಔಷಧಿ ಮುಂದುವರಿಸೋದು.”

ಹನ್ನೆರಡು ವರ್ಷಗಳಿಂದ ಗಂಗಾಲಕ್ಷ್ಮಿ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡುತ್ತಿದ್ದಳು. ಪುಸ್ತಕದ ಕೋಶ ಒಂದು ಮೌನದ ಪೆಟ್ಟಿಗೆ; ಒಳಗಿನ ಭಾಗಗಳಿಗೆ ಗೆರೆ ಎಳೆದು ಹೆಸರು ಬರೆದರೆ ನಾಲ್ಕು ಅಂಕ. ಅದು ಸಾಯುವಾಗ ಏನಾದರೂ ಹೇಳುತ್ತದೆ ಎಂದು ಅವಳು ಯಾವ ಮಗುವಿಗೂ ಹೇಳಿರಲಿಲ್ಲ. ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದಳು. ಬಾಣಗಳು ಎಲ್ಲ ಒಂದೇ ಥರ ಇದ್ದವು; ಯಾವುದು ಕಾವಲಿನವರಿಗೆ, ಯಾವುದು ಪಕ್ಕದವರಿಗೆ ಎಂದು ಗುರುತಿರಲಿಲ್ಲ.

ತಪ್ಪು ನಡೆದದ್ದು ಅದಾಗಿ ಎರಡು ದಿನಕ್ಕೆ, ಶುಕ್ರವಾರ ಸಂಜೆ.

ಹುಳ ಆಗಷ್ಟೇ ಮೂರನೇ ಜ್ವರ ಎದ್ದಿದ್ದವು. ಎರಡು ತಟ್ಟೆಗಳಲ್ಲಿ ಹಾಲು ರೋಗ ಕಾಣಿಸಿಕೊಂಡಿತ್ತು. ಈ ರೋಗ ಬಂದ ಹುಳ ಊದಿಕೊಳ್ಳುತ್ತದೆ, ತಟ್ಟೆಯ ಅಂಚಿನಲ್ಲಿ ನಿಲ್ಲದೆ ಹರಿದಾಡುತ್ತದೆ, ಕೊನೆಗೆ ಚರ್ಮ ಒಡೆದು ಹಾಲಿನಂಥ ರಸ ಸೋರುತ್ತದೆ. ಆ ರಸ ಬಿದ್ದ ಸೊಪ್ಪನ್ನು ಮೇದ ಹುಳಕ್ಕೂ ಅದೇ ಗತಿ. ಆದ್ದರಿಂದ ಕೆಟ್ಟ ಹುಳವನ್ನು ಎರಡು ಕಡ್ಡಿಗಳಲ್ಲಿ ಹಗುರವಾಗಿ ಹಿಡಿದು, ಒಡೆಯದಂತೆ ಎತ್ತಿ, ಸುಣ್ಣದ ನೀರಿನ ಬೇಸಿನ್ನಿಗೆ ಹಾಕಬೇಕು. ತಟ್ಟೆಯೊಳಗೆ ಕೊಲ್ಲಬಾರದು. ಹುಳ ಸಾಕುವವರ ಮನೆಯ ಮಕ್ಕಳಿಗೂ ಇದು ಗೊತ್ತು.

ಅತ್ತೆ ಸೊಸೆ ಎದುರುಬದುರು ಕೂತು ಕೆಟ್ಟ ಹುಳ ಆರಿಸುತ್ತಿದ್ದರು.

“ಡಾಕ್ಟ್ರಮ್ಮ ಚೀಟಿ ಹಿಂದೆ ಅದೇನೋ ಗೆರೆ ಎಳ್ದವ್ಳಲ್ಲ, ನೀನು ಬಸ್ಸಲ್ಲಿ ಅದನ್ನೇ ನೋಡ್ತಾ ಕೂತಿದ್ದೆ. ಏನದು?”

ಗಂಗಾಲಕ್ಷ್ಮಿ ಮಾತು ಹುಡುಕಿದಳು. ಅವಳಿಗೆ ಯಾವ ಮಾತನ್ನೂ ಅಳೆಯದೆ ಆಡಿ ಅಭ್ಯಾಸವಿಲ್ಲ.

“ಗಂಟಿನೊಳಗೆ ಸಣ್ಣ ಸಣ್ಣ ಕಣ ಇರ್ತವೆ ಅತ್ತೆ. ಔಷಧಿಗೆ ಒಂದು ಸಾಯುವಾಗ ಪಕ್ಕದ್ದಕ್ಕೆ ಏನೋ ಹೇಳಿ ಸಾಯುತ್ತಂತೆ.”

“ಏನಂತ?”

“ಜಾಗ ಆಯ್ತು, ನೀನು ಬೆಳಿ ಅಂತ.”

ಶಾಮಲಮ್ಮ ಕಡ್ಡಿಯಲ್ಲಿದ್ದ ಹುಳವನ್ನು ಬಲ್ಬಿನ ಬೆಳಕಿಗೆ ಹಿಡಿದಳು. ಅದರ ತುದಿಯಲ್ಲಿ ಒಂದು ಬಿಳಿ ಹನಿ ನಿಂತಿತ್ತು.

“ಇದರಂಗೆ. ಅಂತೇನಾ?” ಹಾಗೇ ತಾನೆ ಎಂಬ ಅರ್ಥದಲ್ಲಿ ಕೇಳಿದಳು; ತೀರಾ ಮನಸ್ಸಿನಿಂದ ಏನಾದರೂ ಕೇಳುವಾಗ ಅವಳ ಬಾಯಿಗೆ ತವರಿನ ತೆಲುಗೇ ಬರುತ್ತಿತ್ತು.

“ಹೂಂ... ಹೆಚ್ಚುಕಮ್ಮಿ” ಎಂದಳು ಗಂಗಾಲಕ್ಷ್ಮಿ.

ಇನ್ನೊಂದು ಥರದ ಸಂದೇಶವೂ ಇದೆ, ಅದು ಕಾವಲಿನವರನ್ನು ಕರೆಯುತ್ತದೆ ಎಂದು ಮುಂದೆ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಮುನಿಯಲ್ಲಮ್ಮ ಸೊಪ್ಪಿನ ಹೊರೆಯನ್ನು ಬಾಗಿಲಲ್ಲಿ ದೊಪ್ಪನೆ ಎಸೆದಳು. ಸೊಪ್ಪು ಒದ್ದೆಯಾಗಿತ್ತು.

“ನೀರು ಚಿಮುಕಿಸ್ಕೊಂಡು ತಂದಿದೀಯಲ್ಲೇ, ಹುಳಕ್ಕೆ ಹಾಕೋಕಾ, ನಿನ್ ಮದುವೆ ಪಲ್ಯಕ್ಕಾ?” ಎನ್ನುತ್ತಾ ಶಾಮಲಮ್ಮ ಎದ್ದಳು.

“ಪಲ್ಯ ಮಾಡು ಬಾರಕ್ಕ, ಮದುವೆಗೆ ಗಂಡು ನಾನು ನೋಡ್ಕೊಂತೀನಿ” ಎಂದಳು ಅರವತ್ತರ ಮುನಿಯಲ್ಲಮ್ಮ.

ಸೊಪ್ಪು ಹರಡಿ ಒಣಗಿಸುವುದರಲ್ಲಿ ಸಂಜೆ ಕಳೆಯಿತು. ಉಳಿದ ಅರ್ಧ ಮಾತು ಉಳಿದೇ ಹೋಯಿತು. ಆಮೇಲೆ ಗಂಗಾಲಕ್ಷ್ಮಿಗೆ ಅದು ನೆನಪಾಗಲೂ ಇಲ್ಲ.

ಚೊಂಬಿನ ಸದ್ದು ಕೇಳದ ರಾತ್ರಿಯ ಮರುದಿನ ಭಾನುವಾರ. ಸುಣ್ಣದ ನೀರಿನ ಬೇಸಿನ್ನನ್ನು ಹಿತ್ತಿಲ ಗುಂಡಿಗೆ ಸುರಿದು ಮಣ್ಣು ಮುಚ್ಚುವುದು ಭಾನುವಾರಗಳಲ್ಲಿ ಗಂಗಾಲಕ್ಷ್ಮಿಯ ಪಾಲಿನ ಕೆಲಸ; ಹಿಂದಿನ ಭಾನುವಾರ ಮಾತ್ರ ಅವಳು ಏಳುವಷ್ಟರಲ್ಲಿ ಅತ್ತೆಯೇ ಸುರಿದಿದ್ದಳು. ಬೇಸಿನ್ನು ಬಗ್ಗಿಸಿದಳು. ಸತ್ತ ಹುಳಗಳ ಹಿಂದೆ ತಳದಿಂದ ಪೀಚ್ ಬಣ್ಣದ ಎರಡು ಉಂಡೆ ಜಾರಿ ಬಂದವು. ಕಡ್ಡಿಯಿಂದ ಕೆದಕಿದಳು. ಇನ್ನೆರಡು, ಅರ್ಧ ಕರಗಿದ್ದವು. ತಳದ ಸುಣ್ಣದ ಗಸಿ ಕೂಡ ಅದೇ ಬಣ್ಣಕ್ಕೆ ತಿರುಗಿತ್ತು.

ಅವಳು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತಳು. ದಿನಾ ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೊರಡುವ ಮುಂಚೆ ಮಾತ್ರೆ ಪಟ್ಟಿ ತೆಗೆದು ಖಾಲಿ ಗೂಡುಗಳನ್ನು ಎಣಿಸುತ್ತಿದ್ದಳಲ್ಲ, ಒಂದಾದರೂ ತಪ್ಪಿರಲಿಲ್ಲ. ಕಿವಿ ಕೇಳಿದ್ದೂ ಸರಿ, ಕಣ್ಣು ಎಣಿಸಿದ್ದೂ ಸರಿ. ಆದರೂ ಮಾತ್ರೆ ಇಲ್ಲಿತ್ತು.

ಶಾಮಲಮ್ಮ ಹುಳುಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಗಂಗಾಲಕ್ಷ್ಮಿ ಅಂಗೈ ಚಾಚಿ ತೋರಿಸಿದಳು.

“ಅತ್ತೆ, ಇದೇನು?”

“ಕಾಣಲ್ವಾ? ಮಾತ್ರೆ.”

“ಎಷ್ಟು ದಿನದಿಂದ?”

“ನೀನು ಹೇಳಿದ ದಿನದಿಂದ.”

“ನಾನೇನು ಹೇಳಿದೆ?”

ಶಾಮಲಮ್ಮ ಸೊಪ್ಪು ಕೆಳಗಿಟ್ಟಳು. “ಇಲ್ಲಿ ಕೂತ್ಕೋ. ನೀನು ಮಕ್ಕಳನ್ನ ಕೇಳ್ತೀಯಲ್ಲ, ಇವತ್ತು ನಾನು ಕೇಳ್ತೀನಿ. ಕೆಟ್ಟ ಹುಳ ಕಂಡ್ರೆ ಏನ್ ಮಾಡ್ತೀವಿ?”

“ಕಡ್ಡೀಲಿ ಎತ್ತಿ ಬೇಸಿನ್ನಿಗೆ ಹಾಕ್ತೀವಿ.”

“ತಟ್ಟೆಯೊಳಗೇ ಹಿಸುಕ್ತೀವಾ?”

“ಇಲ್ಲ.”

“ಯಾಕೆ?”

ಗಂಗಾಲಕ್ಷ್ಮಿ ಅಂಗೈಯ ಮಾತ್ರೆಗಳನ್ನು ನೋಡಿದಳು. ಶಾಮಲಮ್ಮ ತಾನೇ ಹೇಳಿದಳು.

“ಹಿಸುಕಿದ್ರೆ ರಸ ಸೋರಿ ಪಕ್ಕದ್ದಕ್ಕೂ ಅಂಟುತ್ತೆ. ಈ ಮಾತ್ರೆ ಏನ್ ಮಾಡ್ತೈತೆ? ನನ್ ಎದೆಯೊಳಗೇ ಇಟ್ಟು ಅದನ್ನ ಹಿಸುಕ್ತೈತೆ. ಅದು ಸಾಯ್ತಾ ಪಕ್ಕದ್ದಕ್ಕೆ ಹೇಳಿ ಸಾಯ್ತದೆ. ನೀನೇ ಅಂದೆ. ನಾನು ಇದರಂಗಾ ಅಂತ ಕೇಳಿದ್ದಕ್ಕೆ ಹೂಂ ಅಂದೆ. ಮೂರು ಸಲ ಬಾಟ್ಲು ಏರಿಸಿ ಏನಾಯ್ತು? ಬಾತ್ಕೊಂಡ್ತು. ಹುಳ ಸಾಕೋ ಕೈಯಿದು, ಇಷ್ಟು ತಿಳಿಯಲ್ವಾ?”

“ಹಾಗಿದ್ರೆ ಪಟ್ಟಿ ಯಾಕೆ ಒಡೀತಿದ್ರಿ, ರಾತ್ರಿ ಹೊತ್ತು?”

“ಎಣಿಸೋರಿಗೆ ಖಾಲಿ ಗೂಡು ಕಾಣಬೇಕಲ್ಲ” ಎಂದು ಶಾಮಲಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಎಲೆ ಬಿಡಿಸುತ್ತಲೇ ಅಂದಳು, “ಕೊಯ್ದು ತೆಗೀಲಿ. ಒಡೀದಂಗೆ ಇಡೀದಾಗಿ ಎತ್ಲಿ. ಅದಕ್ಕೆ ಒಪ್ತೀನಿ. ನಾಳೆ ಸ್ಕ್ಯಾನಿಗೆ ಹೆಂಗೂ ಹೋಗ್ತೀವಲ್ಲ, ಆ ಡಾಕ್ಟ್ರಮ್ಮನ ಬಾಯಿಂದಾನೇ ಕೇಳ್ತೀನಿ. ಅಲ್ಲಿವರೆಗೂ ಬ್ಯಾಡ.”

ಆಪರೇಷನ್ ಎಂದರೆ ಅತ್ತಿದ್ದವಳು ಈಗ ತಾನಾಗಿ ಕೇಳುತ್ತಿದ್ದಳು. ಅದು ಒಳ್ಳೆಯದೋ ಕೆಟ್ಟದ್ದೋ ಗಂಗಾಲಕ್ಷ್ಮಿಗೆ ತಿಳಿಯಲಿಲ್ಲ. ಇನ್ನೂ ಕಂಗೆಡಿಸಿದ್ದು ಬೇರೆ: ಅತ್ತೆಯ ವಾದದಲ್ಲಿ ತೂತು ಎಲ್ಲಿದೆ ಎಂದು ಅವಳಿಗೆ ಸಿಗುತ್ತಿರಲಿಲ್ಲ. ಪರ್ಸಿನಿಂದ ಚೀಟಿ ತೆಗೆದು ಬಾಣಗಳನ್ನು ನೋಡಿದಳು. ಕಾವಲಿನವರ ಮಾತನ್ನು ಆಗ ಹೇಳಿದಳು, ಉಳಿದಿದ್ದ ಅರ್ಧವನ್ನು. ಶಾಮಲಮ್ಮ ಕೇಳಿಸಿಕೊಂಡು, “ಅವತ್ತು ಹೇಳ್ಲಿಲ್ಲ, ಇವತ್ತು ಮಾತ್ರೆ ಸಿಕ್ಕಿದ ಮೇಲೆ ಹೇಳ್ತಿದೀಯ” ಎಂದಳು. ಗಂಗಾಲಕ್ಷ್ಮಿ ಚೀಟಿ ಮಡಿಸಿದಳು. ಆಸ್ಪತ್ರೆಗೆ ಫೋನ್ ಮಾಡಿದರೆ ನರ್ಸು, ನಾಳೆ ಬನ್ನಿ, ಡಾಕ್ಟರಿಗೆ ನೀವೇ ಹೇಳಿ ಎಂದಳು.

ಸಂಜೆ ಗಂಡ ಚಂದ್ರಮೋಹನ್ ಮಾಲೂರಿನಿಂದ ಫೋನ್ ಮಾಡಿದ. ಅವನು ಅಲ್ಲಿನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ವಾರದ ಕೊನೆಗೆ ಬರುವವನು ಈ ವಾರ ಓವರ್‌ಟೈಮ್ ಕೆಲಸ ಎಂದು ಬಂದಿರಲಿಲ್ಲ.

“ಅಮ್ಮ ಮಾತ್ರೆ ಸರಿಯಾಗಿ ತಗೊಂತಿದಾಳಾ?”

“ಪಟ್ಟಿ ಖಾಲಿಯಾಗ್ತಿದೆ” ಎಂದಳು ಗಂಗಾಲಕ್ಷ್ಮಿ. ಸುಳ್ಳಲ್ಲ.

“ಶ್ರೀನಿವಾಸಪುರದ ಚಿಕ್ಕಮ್ಮ ಇವತ್ತೂ ಫೋನ್ ಮಾಡಿದ್ಲು ಕಣೇ. ಇಂಗ್ಲಿಷ್ ಔಷಧಿ ಮೈ ಸುಡುತ್ತೆ, ಬಿಡಿಸಿ ಕರ್ಕೊಂಡ್ಬಾ, ಇಲ್ಲಿ ಬೇರು ಕೊಡೋರಿದ್ದಾರೆ ಅಂತಾಳೆ. ನಂಗೂ ಅಮ್ಮನ ತಲೆ ನೋಡಿದ್ರೆ ಹಂಗೇ ಅನ್ಸುತ್ತೆ. ನೀನು ಓದಿರೋಳು, ನೀನು ಹೇಳಿದ್ದಕ್ಕೆ ಸುಮ್ನಿದೀನಿ.”

ಓದಿರೋಳು ಎಂಬ ಮಾತು ಫೋನ್ ಇಟ್ಟ ಮೇಲೂ ಕಿವಿಯಲ್ಲಿತ್ತು.

ಸೋಮವಾರ ಹುಳವನ್ನು ಮುನಿಯಲ್ಲಮ್ಮನಿಗೆ ಒಪ್ಪಿಸಿ, ಒಣ ಸೊಪ್ಪು ಎಂದು ನಾಲ್ಕು ಸಲ ಹೇಳಿ, ಇಬ್ಬರೂ ಕೋಲಾರಕ್ಕೆ ಹೋದರು. ಸ್ಕ್ಯಾನ್ ಆಯಿತು. ಆಶಾರಾಣಿ ಪರದೆಯ ಮೇಲಿನ ಬೂದು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಎದೆಯ ಗಂಟು ಸ್ವಲ್ಪ ಕುಗ್ಗಿದೆ. ಆದ್ರೆ ಕಂಕುಳಲ್ಲಿ ಒಂದು ಗ್ರಂಥಿ ದೊಡ್ಡದಾಗಿದೆ. ಹೋದ ಸಲ ಇಷ್ಟಿರಲಿಲ್ಲ.” ಅವರು ತಿರುಗಿದರು. “ಮಾತ್ರೆ ಒಂದೂ ತಪ್ಪಿಲ್ಲ ತಾನೆ?”

ಶಾಮಲಮ್ಮ ಗೋಡೆಯ ಕಡೆ ನೋಡುತ್ತಿದ್ದಳು. ಬಸ್ಸಿನಲ್ಲಿ ಇದ್ದ ಜಗಳಗಂಟಿತನ ಈ ತಣ್ಣನೆಯ ಕೋಣೆಯಲ್ಲಿ ಎಲ್ಲಿ ಹೋಯಿತೋ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ತಪ್ಪಿಲ್ಲ ಎಂದುಬಿಟ್ಟರೆ ಅತ್ತೆಯ ಮಾನ ಉಳಿಯುತ್ತದೆ, ತನ್ನದೂ. ಆದರೆ ಇವರು ಮುಂದೆ ಬರೆಯುವ ಔಷಧಿಯೆಲ್ಲ ಆ ಒಂದು ಮಾತಿನ ಮೇಲೆ ನಿಲ್ಲುತ್ತದೆ.

“ತಪ್ಪಿದೆ ಮೇಡಂ. ಒಂಬತ್ತು ದಿನ. ನಾನು ಅರ್ಧ ಹೇಳಿಕೊಟ್ಟಿದ್ದಕ್ಕೆ.”

ಆಶಾರಾಣಿ ಬಯ್ಯಲಿಲ್ಲ. ಪೆನ್ನು ಕೆಳಗಿಟ್ಟರು. “ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಮಾತ್ರೆ ಕೆಲಸ ಮಾಡಿಲ್ಲ ಅಂದ್ಕೊಂಡು ಬೇರೆ, ಇನ್ನೂ ಗಟ್ಟಿ ಔಷಧಿ ಬರೀತಿದ್ದೆ. ಯಾಕಮ್ಮಾ ಬಿಟ್ರಿ?”

ಆಗ ಶಾಮಲಮ್ಮ ತಟ್ಟೆಯ ಕಥೆ ಹೇಳಿದಳು. ಮೊದಲು ಮೆಲ್ಲಗೆ, ಆಮೇಲೆ ಕೈ ಆಡಿಸುತ್ತಾ, ಕಡ್ಡಿ ಹಿಡಿಯುವ ಬೆರಳುಗಳನ್ನು ತೋರಿಸುತ್ತಾ. ರೇಷ್ಮೆಹುಳು ಕಂಡಿರದ ಆಶಾರಾಣಿ ಮಧ್ಯೆ ಎರಡು ಪ್ರಶ್ನೆ ಕೇಳಿದರು.

“ನಿಮ್ಮ ಯೋಚನೆ ಅರ್ಧ ಸರಿ ಇದೆ” ಎಂದರು ಕೊನೆಗೆ. “ಆದ್ರೆ ತಟ್ಟೆಗೆ ತಾನಾಗೇ ಕಾವಲುಗಾರರು ಬರಲ್ಲ, ಮೈಯೊಳಗೆ ಬರ್ತಾರೆ. ಮತ್ತೆ ಕೊಯ್ದು ತೆಗೆದ್ರೂ ಕಣ್ಣಿಗೆ ಕಾಣದ್ದು ಅಲ್ಲಿ ಇಲ್ಲಿ ಉಳಿದಿರಬಹುದು. ಅದನ್ನ ಯಾವ ಕಡ್ಡೀಲಿ ಎತ್ತೋಣ? ಮಾತ್ರೆ ಇರೋದೇ ಅದಕ್ಕೆ.”

“ಕಂಕುಳದ್ದು?” ಎಂದಳು ಶಾಮಲಮ್ಮ.

“ಎರಡರಲ್ಲಿ ಒಂದು. ಕ್ಯಾನ್ಸರ್ ಅಲ್ಲಿಗೆ ಹಬ್ಬಿರಬಹುದು, ಇಲ್ಲಾ ಕಾವಲುಗಾರರು ಅಲ್ಲಿ ಸೇರಿರಬಹುದು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ. ಸೂಜಿ ಹಾಕಿ ಸ್ವಲ್ಪ ತೆಗೆದು ನೋಡೋಣ. ಶುಕ್ರವಾರ ಗೊತ್ತಾಗುತ್ತೆ. ಮಾತ್ರೆ ಇವತ್ತು ರಾತ್ರಿಯಿಂದ ಮತ್ತೆ ಶುರು.”

ಮುಳಬಾಗಿಲಿನ ಬಸ್ಸಿನಲ್ಲಿ ಶಾಮಲಮ್ಮ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು. ನಿದ್ದೆ ಹೋದಳೆಂದು ಗಂಗಾಲಕ್ಷ್ಮಿ ಅಂದುಕೊಂಡಿದ್ದಳು. ನರಸಿಂಹತೀರ್ಥ ದಾಟುವಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

“ಜ್ವರ ಎದ್ದ ಮೇಲೆ, ಸೊಪ್ಪು ಹಾಕೋಕೆ ಮುಂಚೆ, ಇಡೀ ತಟ್ಟೆಗೆ ಔಷಧಿ ಪುಡಿ ಹೊಡೀತೀವಲ್ಲ ಗಂಗಾ. ಯಾವುದಕ್ಕೆ ಅಂಟೈತೆ ಅಂತ ಕಾಣಲ್ಲ, ಅದಕ್ಕೆ ಎಲ್ಲದರ ಮೇಲೂ. ಮಾತ್ರೆ ಅಂದ್ರೆ ಆ ಪುಡಿ. ಅಂತೇನಾ?”

ಪುಡಿ ಹುಳವನ್ನು ಕೊಲ್ಲುವುದಿಲ್ಲ, ರೋಗದ ಬೀಜವನ್ನು ಕೊಲ್ಲುತ್ತದೆ, ಮಾತ್ರೆ ಹಾಗಲ್ಲ. ಹೋಲಿಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಜಾರುತ್ತದೆ ಎಂದು ಗಂಗಾಲಕ್ಷ್ಮಿ ಮನಸ್ಸಿನಲ್ಲೇ ತೂಗಿದಳು. ಹಿಂದಿನ ಹೂಂಗೆ ಒಂಬತ್ತು ದಿನ ಹೋಗಿತ್ತು.

“ಪೂರ್ತಿ ಹಂಗಲ್ಲ ಅತ್ತೆ.”

“ಪೂರ್ತಿ ಯಾರಿಗೆ ಬೇಕೇ? ಆ ಡಾಕ್ಟ್ರಮ್ಮಂಗೇ ಪೂರ್ತಿ ಗೊತ್ತಿಲ್ಲ. ರಾತ್ರಿ ನುಂಗೋಕೆ ಎಷ್ಟು ಬೇಕೋ ಅಷ್ಟು ಹೇಳು.”

“ಹಂಗಾದ್ರೆ ಹೂಂ.”

ಅಂದು ರಾತ್ರಿ ಟಿಕ್ ಎಂದಿತು, ಮತ್ತೊಮ್ಮೆ ಟಿಕ್ ಎಂದಿತು. ಚೊಂಬು ಕಲ್ಲಿನ ಮೇಲೆ ಕೂತ ಸದ್ದು ಬೇಕೆಂದೇ ಜೋರಾಗಿ ಬಂತು. “ಕೇಳ್ತೇನಮ್ಮಾ ಟೀಚರಮ್ಮ?” ಎಂದಳು ಶಾಮಲಮ್ಮ ಗೋಡೆಯಾಚೆಯಿಂದ. ಗಂಗಾಲಕ್ಷ್ಮಿ ಕತ್ತಲಲ್ಲಿ ನಕ್ಕಳು. ಆಮೇಲೆ ಕಂಕುಳ ನೆನಪಾಯಿತು.

ಶುಕ್ರವಾರದ ಹೊತ್ತಿಗೆ ಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಬಿಟ್ಟು, ಮೈ ಪಾರದರ್ಶಕವಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಎತ್ತುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಯ ಸುರುಳಿಗಳಲ್ಲಿ ಬಿಡಬೇಕು. ಗಂಗಾಲಕ್ಷ್ಮಿ ಮಧ್ಯಾಹ್ನವೇ ಶಾಲೆ ಬಿಟ್ಟು ಬಂದಿದ್ದಳು. ಅಂಗಳದಲ್ಲಿ ಚಂದ್ರಿಕೆ ಒರಗಿಸಿ ಶಾಮಲಮ್ಮ, ಮುನಿಯಲ್ಲಮ್ಮ ಹುಳ ಬಿಡುತ್ತಿದ್ದರು. ಫೋನ್ ಬಂದಾಗ ಅವಳು ಹಿಪ್ಪುನೇರಳೆ ತೋಟದ ಬದುವಿಗೆ ಹೋಗಿ ಎತ್ತಿಕೊಂಡಳು.

“ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡಿಲ್ಲ” ಎಂದರು ಆಶಾರಾಣಿ. “ಕಾವಲು ಕೋಶಗಳೇ ತುಂಬಿಕೊಂಡಿವೆ. ಒಳ್ಳೇ ಸುದ್ದಿ.”

ಗಂಗಾಲಕ್ಷ್ಮಿ ಬದುವಿನ ಮೇಲೆ ಕೂತಳು. ಕೇಳಿದಳು, “ಅವು ಯಾವಾಗ ಬಂದವು ಮೇಡಂ? ಆ ಒಂಬತ್ತು ದಿನದಲ್ಲಾ?”

“ಹೇಳೋಕಾಗಲ್ಲ. ಡ್ರಿಪ್ಪಿಗೆ ಸತ್ತ ಕೋಶಗಳು ಆಗಲೇ ಕರೆದಿರಬಹುದು, ಇವು ನಿಧಾನಕ್ಕೆ ಸೇರಿರಬಹುದು. ಮೊದಲ ಮೂರು ದಿನದ ಮಾತ್ರೆಯಿಂದಲೂ ಇರಬಹುದು. ಬೇರೇನೋ ಸಣ್ಣ ಸೋಂಕೂ ಇರಬಹುದು. ಒಂದು ಸೂಜಿ ಅಷ್ಟೆಲ್ಲ ಹೇಳಲ್ಲ.”

“ಮಾತ್ರೆ ತಗೊಂಡಿದ್ರೆ ಬರ್ತಿರಲಿಲ್ಲ ಅಂತಲಾ?”

“ಹಂಗಂತ ಯಾರು ಹೇಳಿದ್ರು? ಇನ್ನೂ ಜಾಸ್ತಿ ಬರ್ತಿದ್ವೋ ಏನೋ. ನನಗೆ ಗೊತ್ತಿಲ್ಲ ಗಂಗಾಲಕ್ಷ್ಮಿ. ಎದೆಯ ಗಂಟು ಇನ್ನೂ ಇದೆ, ಅದು ಗೊತ್ತು. ಮಾತ್ರೆ ಬಿಡೋ ಹಾಗಿಲ್ಲ, ಅದೂ ಗೊತ್ತು.”

ಫೋನ್ ಇಟ್ಟ ಮೇಲೂ ಅವಳು ಏಳಲಿಲ್ಲ. ಸಂತೋಷವಾಗಬೇಕಿತ್ತು, ಆಗಿತ್ತು ಕೂಡ. ಆದರೆ ಅದರ ಅಡಿಯಲ್ಲಿ ಬೇರೊಂದು ಹರಿದಾಡುತ್ತಿತ್ತು. ಮಾತ್ರೆ ಬೇಸಿನ್ನಿಗೆ ಬಿದ್ದ ಒಂಬತ್ತು ದಿನ. ಆ ದಿನಗಳ ಕೊನೆಗೆ ಕಂಕುಳಲ್ಲಿ ಕಾವಲಿನವರು. ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಯಾರಿಗಾದರೂ ಏನನ್ನಿಸುತ್ತದೆ? ಅತ್ತೆ ಅನ್ನುತ್ತಾಳೆ: ನೋಡಿದ್ಯಾ, ಹಿಸುಕೋದು ನಿಲ್ಲಿಸಿದ್ದಕ್ಕೆ ಬಂದ್ರು. ಚಂದ್ರಮೋಹನ್ ಅನ್ನುತ್ತಾನೆ: ಬಿಟ್ಟಿದ್ದೇ ಒಳ್ಳೇದಾಯ್ತಲ್ಲ. ಶ್ರೀನಿವಾಸಪುರದ ಚಿಕ್ಕಮ್ಮ ಏನೂ ಅನ್ನುವುದಿಲ್ಲ, ಬೇರಿನವನನ್ನು ಕರೆದುಕೊಂಡು ನೇರ ಬಸ್ಸು ಹತ್ತುತ್ತಾಳೆ. ತನಗೆ ಏನನ್ನಿಸುತ್ತದೆ ಎಂದು ಕೇಳಿಕೊಂಡಳು. ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ಮನೆಯವರ ಮುಂದೆ ಇಟ್ಟರೆ ಅದು ಗೊತ್ತಿಲ್ಲವಾಗಿ ಉಳಿಯುವುದಿಲ್ಲ. ಯಾರೋ ಒಬ್ಬರು ಅದಕ್ಕೆ ಹೂಂ ಎಂದುಬಿಡುತ್ತಾರೆ.

ಅಂಗಳಕ್ಕೆ ಬಂದಳು. ಶಾಮಲಮ್ಮ ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತ್ತು.

“ಒಳ್ಳೇದೇ ಬಂದಿದೆ ಅತ್ತೆ. ಕಂಕುಳಲ್ಲಿ ಕೆಟ್ಟದ್ದಿಲ್ಲವಂತೆ. ಮಾತ್ರೆ ಮಾತ್ರ ಬಿಡಬಾರದಂತೆ.”

ಮುನಿಯಲ್ಲಮ್ಮ ಎರಡೂ ಕೈ ಎತ್ತಿ ಕುರುಡುಮಲೆಯ ದೇವರ ದಿಕ್ಕಿಗೆ ಮುಗಿದಳು. ಶಾಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಏನೋ.

“ಕೆಟ್ಟದ್ದಿಲ್ಲದಿದ್ರೆ ಮತ್ಯಾಕೆ ಬಾತಿತ್ತು? ಅವಳು ಅಂದ ಕಾವಲಿನೋರಾ?”

ಈ ಪ್ರಶ್ನೆ ಬರುತ್ತದೆಂದು ಗಂಗಾಲಕ್ಷ್ಮಿಗೆ ಬದುವಿನಿಂದ ಏಳುವಾಗಲೇ ಗೊತ್ತಿತ್ತು.

“ಅದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲವಂತೆ.”

ಶಾಮಲಮ್ಮ ಸೊಸೆಯ ಮುಖವನ್ನು ನೋಡಿದಳು, ತಟ್ಟೆಯಲ್ಲಿ ಯಾವ ಹುಳ ಕೆಟ್ಟದ್ದು ಎಂದು ಹುಡುಕುವಾಗ ನೋಡುವಂತೆ, ಅವಸರವಿಲ್ಲದೆ.

“ಅಂತೇನಾ?”

“ಹೂಂ.”

ಹಣ್ಣಾದ ಹುಳವೊಂದು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿ ಆಡಿಸುತ್ತಿತ್ತು. ಗಂಗಾಲಕ್ಷ್ಮಿ ಅದನ್ನು ಎರಡು ಬೆರಳಲ್ಲಿ ಎತ್ತಿ ಚಂದ್ರಿಕೆಯ ಸುರುಳಿಯಲ್ಲಿ ಬಿಟ್ಟಳು. ನಾಳೆ ಚಂದ್ರಮೋಹನ್ ಬರುತ್ತಾನೆ. ಅಮ್ಮ ಹೇಗಿದ್ದಾಳೆ ಎಂದು ಕೇಳುತ್ತಾನೆ. ಒಳ್ಳೇದು ಬಂದಿದೆ, ಮಾತ್ರೆ ಬಿಡಬಾರದು ಎಂದು ಹೇಳಬಹುದು. ಎರಡೂ ನಿಜ. ಆ ಎರಡು ಮಾತಿನ ನಡುವೆ ಇರುವ ಒಂಬತ್ತು ದಿನವನ್ನು ಅವನಿಗೆ ಹೇಳುವುದಿಲ್ಲ, ಆ ದಿನಗಳ ಕೊನೆಗೆ ಕಂಕುಳಲ್ಲಿ ಯಾರು ಬಂದು ಸೇರಿದ್ದರು ಎಂಬುದನ್ನು ಅತ್ತೆಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಅವಳು ಮುಂದಿನ ಹುಳಕ್ಕೆ ಕೈ ಹಾಕಿದಳು.